ಬ್ಯಾಡಗಿಯ ಘಾಟು, ನೆಗಡಿ ಮಾತ್ರೆ, ನಿಲ್ಲದ ಕಾಲು: ಒಂದು ಔಷಧ ಚರಿತ್ರೆ

ಸಂಜೆಯಾಗುತ್ತಲೇ ಕಾಲಿನೊಳಗೆ ಏನೋ ಹರಿದಾಡಿದಂತಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಗುರ, ಮಲಗಿದರೆ ಮತ್ತೆ ಶುರು. ವೈದ್ಯರು ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಹಾವೇರಿ ಸೀಮೆಯಲ್ಲಿ ‘ಕಾಲು ಸೆಳಿತಾವ’ ಎಂದು ಹೇಳಿ ದಣಿವಿನ ಲೆಕ್ಕಕ್ಕೆ ಹಾಕುವವರುಂಟು. ಬೆಂಗಳೂರಿನ ನಗರವಾಸಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನೂರಕ್ಕೆ 2.1 ಮಂದಿಯಲ್ಲಿ ಈ ಬೇನೆಯನ್ನು ಗುರುತಿಸಿತು. ಇದರ ಚರಿತ್ರೆಯನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಬೇರೆ ಕಾಯಿಲೆಗೆಂದು ಕೊಟ್ಟ ಔಷಧ ಕಾಲನ್ನು ಕೆಣಕಿದೆ, ಕಾಲಿಗೆಂದೇ ಕೊಟ್ಟ ಔಷಧ ಕೊನೆಗೆ ಬೇನೆಯನ್ನು ಹೆಚ್ಚಿಸಿದೆ.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ಲಕ್ಷಣಗಳನ್ನು ಬಣ್ಣಿಸಿದ. ನಿದ್ರೆಗೆಟ್ಟ ರೋಗಿಗೆ ಅವನು ಕೊಟ್ಟದ್ದು ಅಫೀಮಿನ ಮದ್ದು. ಬೇನೆಗೆ ಈಗಿನ ಹೆಸರು ಬಂದದ್ದು ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. 1953ರಲ್ಲಿ ಅದೇ ದೇಶದ ನಾರ್ಡ್‌ಲಾಂಡರ್ ರಕ್ತನಾಳಕ್ಕೆ ಕಬ್ಬಿಣಾಂಶ ಕೊಟ್ಟು ರೋಗಿಗಳು ಚೇತರಿಸಿಕೊಂಡದ್ದನ್ನು ದಾಖಲಿಸಿದ. ಅಂದೇ ಆ ದಾರಿ ಹಿಡಿದಿದ್ದರೆ ಎಷ್ಟೋ ಜನರ ನಿದ್ದೆ ಉಳಿಯುತ್ತಿತ್ತು ಎಂಬುದು ನನ್ನ ನಂಬಿಕೆ. ಆದರೆ ವೈದ್ಯಲೋಕದ ಗಮನ ಮಿದುಳಿನ ಡೋಪಮೀನ್ ಎಂಬ ರಾಸಾಯನಿಕದ ಕಡೆಗೆ ಹೊರಳಿತು.

ಡೋಪಮೀನಿನ ಈ ಕವಲಿಗೆ ನಮ್ಮ ನೆಲದ ಬೇರೂ ಇದೆ. ನಮ್ಮ ಬೇಲಿ, ಕುರುಚಲು ಕಾಡುಗಳಲ್ಲಿ ಹಬ್ಬುವ, ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಸುಗುನ್ನಿಯ ಬೀಜದಿಂದ 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಮಿದುಳಿನಲ್ಲಿ ಡೋಪಮೀನ್ ಆಗುವ ಲೆವೊಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಮುಂದೆ ಪಾರ್ಕಿನ್ಸನ್ ರೋಗಕ್ಕೆ ಮುಖ್ಯ ಮದ್ದಾದ ಅದನ್ನೇ 1982ರಲ್ಲಿ ಟರ್ಕಿಯ ಅಕ್ಪಿನಾರ್ ಕಾಲಿನ ಚಡಪಡಿಕೆಗೆ ಕೊಟ್ಟು ನೋಡಿದರು. ಫಲ ಬೇಗ ಸಿಕ್ಕಿತು. ಆದರೆ 1996ರಲ್ಲಿ ಅಮೆರಿಕದ ಅಲೆನ್ ಮತ್ತು ಅರ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಲೆವೊಡೋಪಾ ಸೇವಿಸುತ್ತಿದ್ದ ಅವರ ರೋಗಿಗಳಲ್ಲಿ ಹೆಚ್ಚಿನವರಿಗೆ ರಾತ್ರಿಯ ಬೇನೆ ಮಧ್ಯಾಹ್ನಕ್ಕೇ ಬರತೊಡಗಿತ್ತು, ತೋಳಿಗೂ ಹಬ್ಬಿತ್ತು. ಮಾತ್ರೆಯ ಪ್ರಮಾಣ ಏರಿಸಿದಷ್ಟೂ ಬೇನೆಯೂ ಏರುವ ಈ ವಿಪರೀತಕ್ಕೆ ಆಗ್ಮೆಂಟೇಶನ್ ಎಂದು ಹೆಸರಾಯಿತು. ಅಮೆರಿಕದಲ್ಲಿ ಡೋಪಮೀನಿನಂತೆಯೇ ಕೆಲಸ ಮಾಡುವ ಎರಡು ಮಾತ್ರೆಗಳಿಗೆ, 2005ರಲ್ಲಿ ರೋಪಿನಿರೋಲ್‌ಗೆ, 2006ರಲ್ಲಿ ಪ್ರಮಿಪೆಕ್ಸೋಲ್‌ಗೆ ಈ ಬೇನೆಗೆಂದೇ ಪರವಾನಗಿ ದೊರೆಯಿತು. ಇವುಗಳಲ್ಲೂ ಅದೇ ಕಾಟ ಕಂಡುಬಂತು. ಅಷ್ಟೇ ಅಲ್ಲ, ಕೆಲವರು ತಡೆಯಲಾರದೆ ಜೂಜಿಗೆ, ಮಿತಿಮೀರಿದ ಖರೀದಿಗೆ ಬಿದ್ದರು. 2025ರಲ್ಲಿ ಪ್ರಕಟವಾದ ಅಮೆರಿಕದ ನಿದ್ರಾವೈದ್ಯರ ಮಾರ್ಗಸೂಚಿ ಲೆವೊಡೋಪಾ ಮತ್ತು ಈ ಗುಂಪಿನ ಮಾತ್ರೆಗಳನ್ನು ರೂಢಿಯಂತೆ ಬಳಸುವುದು ಬೇಡವೆಂದು ಸೂಚಿಸಿ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮತ್ತು ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶವನ್ನು ಮುಂದಿಟ್ಟಿತು. ನಸುಗುನ್ನಿ ಪುಡಿಯನ್ನು ಶಕ್ತಿಮದ್ದೆಂದು ಸೇವಿಸುವವರು ಅದರಲ್ಲಿರುವುದೂ ಲೆವೊಡೋಪಾವೇ ಎಂಬುದನ್ನು ಮರೆಯಬಾರದು.

ಇನ್ನು ಬೇರೆ ಕಾಯಿಲೆಯ ಮಾತ್ರೆಗಳು. ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯ ಖಾರ ಕಡಿಮೆ, ಬಣ್ಣ ಗಾಢ. ಆದರೂ ರಾಶಿಯ ಮುಂದೆ ಗಂಟೆಗಟ್ಟಲೆ ಕೂತು ತೊಟ್ಟು ಮುರಿಯುವ ಹೆಣ್ಣುಮಕ್ಕಳಿಗೆ ಘಾಟು, ಧೂಳು, ಸೀನು ತಪ್ಪಿದ್ದಲ್ಲ. ಸೀನಿಗೆ, ತುರಿಕೆಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ಲೋರ್‌ಫೆನಿರಮೈನ್, ಫೆನಿರಮೈನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳು ಮಿದುಳನ್ನು ಹೊಕ್ಕು ನಿದ್ದೆ ಬರಿಸುತ್ತವೆ. ಈ ಬೇನೆ ಇದ್ದವರಲ್ಲಿ ಅವೇ ಕಾಲಿನ ಚಡಪಡಿಕೆಯನ್ನು ಕೆದಕಬಲ್ಲವು. ನಿದ್ದೆ ಬರಿಸುವ ಮಾತ್ರೆಯೇ ನಿದ್ದೆ ಕಸಿಯುವ ಈ ಬಗೆ ನನಗೆ ಅತ್ಯಂತ ನೋವಿನದೆನಿಸುತ್ತದೆ, ಏಕೆಂದರೆ ನುಂಗಿದವರು ಅದರ ಮೇಲೆ ಅನುಮಾನಪಡುವುದೇ ಇಲ್ಲ. ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಮಿರ್ಟಾಜಪೀನ್, ಅಮಿಟ್ರಿಪ್ಟಿಲಿನ್, ಚಿತ್ತವಿಕಲತೆಯ ಹಲವು ಔಷಧಗಳು ಕೂಡ ಇದೇ ಸಾಲಿನವು. ನೋವಿನ ಮಾತ್ರೆ ಟ್ರಮಡಾಲ್ ಕಾಲಿಗೆ ಆರಾಮ ಕೊಟ್ಟರೂ ಅದರಿಂದಲೂ ಆಗ್ಮೆಂಟೇಶನ್ ಆದ ವರದಿಗಳಿವೆ.

ಕಬ್ಬಿಣಾಂಶದ ಕೊರತೆಯೂ ಈ ಬೇನೆಯನ್ನು ಕೆಣಕುತ್ತದೆ; ಆ ಪ್ರಶ್ನೆ ಇಲ್ಲಿ ಇನ್ನೂ ದೊಡ್ಡದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಬಸುರಿಯರಲ್ಲಿ, ಡಯಾಲಿಸಿಸ್ ರೋಗಿಗಳಲ್ಲಿ ಈ ಬೇನೆ ಹೆಚ್ಚು. ಖಾರದ ಊಟ, ಹೊಟ್ಟೆಯುರಿ, ಅದಕ್ಕೆ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಝೋಲ್: ಈ ಮಾತ್ರೆ ಹೊಟ್ಟೆಯ ಆಮ್ಲವನ್ನು ತಗ್ಗಿಸಿ ಕಬ್ಬಿಣಾಂಶ ಹೀರಿಕೆಗೂ ಅಡ್ಡಿಯಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾದ್ದೂ ಅದೇ ಕೆಲಸ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆದ್ದರಿಂದ ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಬೇಕು. ಅದು ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಬೇನೆಯಲ್ಲಿ ಕಬ್ಬಿಣಾಂಶ ಕೊಡಬೇಕೆಂಬುದು ಈಗಿನ ನಿಲುವು.

ಹಾಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವೈದ್ಯರಲ್ಲಿ ಒಂದು ಬಿನ್ನಹ: ಕಾಲು ಸೆಳೆಯುತ್ತದೆ ಎಂದು ಬಂದವರಿಗೆ ಹೊಸ ಮಾತ್ರೆ ಬರೆಯುವ ಮುನ್ನ ಹಳೆಯ ಮಾತ್ರೆಗಳ ಪಟ್ಟಿ ಕೇಳಿ, ಫೆರಿಟಿನ್ ನೋಡಿ. ಓದುಗರೂ ನೆಗಡಿ ಮಾತ್ರೆ, ಗ್ಯಾಸಿನ ಮಾತ್ರೆ, ನಾಟಿ ಪುಡಿ ಯಾವುದನ್ನೂ ಬಿಡದೆ ವೈದ್ಯರ ಮುಂದಿಡಿ. ಮನೋರೋಗದ, ಪಾರ್ಕಿನ್ಸನ್ನಿನ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.