ಸಿಪಿಯು ತಲೆಯ ಮೇಲಿನ ಫ್ಯಾನು

2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಒಂದು ವಿಡಿಯೊ ಹೊರತಂದರು. ಕಂಪ್ಯೂಟರಿನಲ್ಲಿ ಆಟ ಓಡುತ್ತಿರುವಾಗಲೇ ಪ್ರೊಸೆಸರಿನ ಮೇಲಿನ ಕೂಲರನ್ನು ಕೈಯಿಂದ ಕಿತ್ತರೆ ಏನಾಗುತ್ತದೆ ಎಂಬುದು ಅವರ ಪರೀಕ್ಷೆ. ಇಂಟೆಲ್‌ನ ಪೆಂಟಿಯಮ್ 4 ವೇಗ ತಗ್ಗಿಸಿಕೊಂಡು ಕುಂಟುತ್ತ ಮುಂದುವರಿಯಿತು. ಎಎಂಡಿಯ ಅಥ್ಲಾನ್ ನೋಡನೋಡುತ್ತಿದ್ದಂತೆ ಹೊಗೆಯಾಡಿ ಸತ್ತಿತು. ಮದರ್‌ಬೋರ್ಡಿನ ಮೇಲೆ ಕೂತ ಆ ಲೋಹದ ತುಂಡು ಅಲಂಕಾರಕ್ಕಲ್ಲ ಎಂದು ಅನೇಕರಿಗೆ ಮನವರಿಕೆಯಾದದ್ದು ಆ ಹೊಗೆಯಿಂದ.

ಹತ್ತು ವರ್ಷ ಹಿಂದೆ ಇಂಥ ಚಿಂತೆಯೇ ಇರಲಿಲ್ಲ. ಮೊದಲ 486 ಪ್ರೊಸೆಸರುಗಳು ಬಹುಪಾಲು ಬರಿಮೈಯಲ್ಲೇ ಕೆಲಸ ಮಾಡುತ್ತಿದ್ದವು. 1993ರಲ್ಲಿ ಬಂದ 66 ಮೆಗಾಹರ್ಟ್ಸ್ ಪೆಂಟಿಯಮ್ ಸುಮಾರು 16 ವ್ಯಾಟ್ ಬಿಸಿ ಉಗುಳಿತು. ಇವತ್ತಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ, ಆದರೆ ಬೆರಳಗಲದ ಜಾಗದಲ್ಲಿ ಅಷ್ಟು ಸಾಕು. ಅಲ್ಲಿಂದ ಪುಟ್ಟ ಫ್ಯಾನು ಮಾಮೂಲಾಯಿತು. ಬರಬರುತ್ತ ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಒಂದು ಕೂಲರು ಬರತೊಡಗಿತು.

ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ದುಡ್ಡು ಕೊಟ್ಟು ಇನ್ನೊಂದನ್ನು ಯಾರಾದರೂ ಯಾಕೆ ಕೊಳ್ಳಬೇಕು? ಮೊದಲ ಉತ್ತರ: ಕೊಳ್ಳದ ವೇಗಕ್ಕಾಗಿ. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡುತ್ತಿತ್ತು, ಹಲವು ಪಟ್ಟು ಬೆಲೆಯ ಪೆಂಟಿಯಮ್ 2ಕ್ಕೆ ಹತ್ತಿರ ಹತ್ತಿರ. ಅದೃಷ್ಟವಂತರಿಗೆ ಪೆಟ್ಟಿಗೆಯ ಕೂಲರಿನಲ್ಲೇ ಇದು ಆಯಿತು. ಇನ್ನೂ ಮೇಲೆ ಹೋಗಬೇಕೆಂಬ ಆಸೆಯಿದ್ದವರು ದೊಡ್ಡ ಹೀಟ್‌ಸಿಂಕ್ ಹುಡುಕಿದರು. ಓವರ್‌ಕ್ಲಾಕಿಂಗ್ ಎಂಬ ಹವ್ಯಾಸಕ್ಕೆ ಬೆನ್ನುಕೊಟ್ಟೇ ಕೂಲರು ಪ್ರತ್ಯೇಕ ವ್ಯಾಪಾರವಾಗಿ ಬೆಳೆಯಿತು.

ಅಥ್ಲಾನ್ ಕಾಲದಲ್ಲಿ ಈ ವ್ಯಾಪಾರ ಹುಚ್ಚು ಹಿಡಿಸಿಕೊಂಡಿತು. 1.4 ಗಿಗಾಹರ್ಟ್ಸ್ ಅಥ್ಲಾನ್ 72 ವ್ಯಾಟ್ ಉಗುಳುತ್ತಿತ್ತು, ಅದೂ 120 ಚದರ ಮಿಲಿಮೀಟರಿನ ಬರಿ ಸಿಲಿಕಾನಿನಿಂದ. ಮೇಲೆ ಲೋಹದ ಮುಚ್ಚಳವೇ ಇಲ್ಲ. ಅಲ್ಯೂಮಿನಿಯಂಗಿಂತ ತಾಮ್ರ ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ, ಆದರೆ ಮೂರು ಪಟ್ಟಿಗೂ ಹೆಚ್ಚು ಭಾರ. ಎಎಂಡಿ ಹಾಕಿದ ಮಿತಿ 300 ಗ್ರಾಂ. ಜನ ಅದನ್ನು ಮೀರಿದರು. ಗಟ್ಟಿ ಸ್ಪ್ರಿಂಗ್ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಬೇಕಿತ್ತು. ಕೈ ಜಾರಿದರೆ ಮದರ್‌ಬೋರ್ಡಿಗೆ ಗೀರು, ಓರೆಯಾಗಿ ಒತ್ತಿದರೆ ಚಿಪ್ಪಿನ ಮೂಲೆ ಚೂರು. ಇದರ ಮೇಲೆ ನಿಮಿಷಕ್ಕೆ ಸುಮಾರು 7000 ಸುತ್ತು ತಿರುಗುವ ಡೆಲ್ಟಾ ಕಂಪನಿಯ 60 ಮಿಲಿಮೀಟರ್ ಫ್ಯಾನು. ಆ ಚೀರಾಟವನ್ನು ಕೆಲವರು ಬಿರುದಿನಂತೆ ಹೊತ್ತರು. ಮನೆಯ ಉಳಿದವರ ಅಭಿಪ್ರಾಯ ದಾಖಲಾಗಿಲ್ಲ.

ದಕ್ಷಿಣ ಕೊರಿಯಾದ ಝಾಲ್‌ಮನ್ ಬೇರೆ ದಾರಿ ಹಿಡಿಯಿತು. ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹಾಗಾದರೆ ಫ್ಯಾನು ದೊಡ್ಡದಿರಲಿ, ನಿಧಾನವಾಗಿ ತಿರುಗಲಿ. ಹೂವಿನಂತೆ ಅರಳಿದ ರೆಕ್ಕೆಗಳ ನಡುವೆ 92 ಮಿಲಿಮೀಟರ್ ಫ್ಯಾನು ಕೂರಿಸಿದ ಅದರ ಸಿಎನ್‌ಪಿಎಸ್ 7000, 2003ರ ಹೊತ್ತಿನ ಹೆಸರಾಂತ ಮಾದರಿ. ತಾಮ್ರದ ಆವೃತ್ತಿ 700 ಗ್ರಾಂ ದಾಟುತ್ತಿತ್ತು. ಗದ್ದಲಕ್ಕೆ ದುಡ್ಡು ಕೊಡುತ್ತಿದ್ದ ಸಂತೆಯಲ್ಲಿ ಮೌನ ಮಾರಿದ್ದು ನನ್ನ ಮಟ್ಟಿಗೆ ಈ ಕತೆಯ ನಿಜವಾದ ತಿರುವು.

ಆದರೆ ಲೋಹವನ್ನು ಎಷ್ಟೆಂದು ದೊಡ್ಡದು ಮಾಡುವುದು? ರೆಕ್ಕೆಯ ತುದಿಗೆ ಬಿಸಿ ತಲುಪದಿದ್ದರೆ ಅದು ಬರೀ ತೂಕ. (ಹೀಟ್‌ಸಿಂಕ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಸಿಂಕ್ ಎಂದರೆ ಬಿಸಿಯೆಲ್ಲ ಅಲ್ಲೇ ಹೋಗಿ ಮುಗಿಯುತ್ತದೆ ಅನ್ನಿಸುತ್ತದೆ. ಅದು ಮಾಡುವುದು ಬಿಸಿಯನ್ನು ಗಾಳಿಗೆ ದಾಟಿಸುವ ಕೆಲಸ ಮಾತ್ರ. ಅನುವಾದಿಸುವುದಾದರೆ ನಾನು ‘ಶಾಖದ ಕಾಲುವೆ’ ಅನ್ನುತ್ತೇನೆ.) ಇದಕ್ಕೆ ಪರಿಹಾರ ಬಂದದ್ದು ಬಾಹ್ಯಾಕಾಶದ ಕಡೆಯಿಂದ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಹೀಟ್ ಪೈಪ್ ಮಾಡಿ ತೋರಿಸಿದ್ದರು. ಮುಚ್ಚಿದ ಕೊಳವೆ, ಒಳಗೆ ಸ್ವಲ್ಪ ದ್ರವ, ಗೋಡೆಗೆ ಬತ್ತಿಯಂಥ ಪದರ. ಬಿಸಿ ತುದಿಯಲ್ಲಿ ದ್ರವ ಆವಿಯಾಗಿ ತಣ್ಣನೆ ತುದಿಗೆ ಓಡುತ್ತದೆ, ಅಲ್ಲಿ ಹನಿಯಾಗಿ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೀರಲ್ಪಟ್ಟು ವಾಪಸು ಬರುತ್ತದೆ. ಮೋಟರಿಲ್ಲ, ಸದ್ದಿಲ್ಲ. ಇಂಥ ನಾಲ್ಕಾರು ತಾಮ್ರದ ಕೊಳವೆಗಳು ಹತ್ತಾರು ತೆಳು ರೆಕ್ಕೆಗಳನ್ನು ಪೋಣಿಸಿಕೊಂಡು ಎದ್ದು ನಿಂತದ್ದೇ ಇಂದು ಎಲ್ಲ ಕಡೆ ಕಾಣುವ ಟವರ್ ಕೂಲರು. ಆಸ್ಟ್ರಿಯಾದ ನಾಕ್ಟುವಾ ತನ್ನ ಕಂದು ಫ್ಯಾನುಗಳೊಂದಿಗೆ 2005ರಲ್ಲಿ ಕಣಕ್ಕಿಳಿಯಿತು.

ಅಷ್ಟರಲ್ಲಿ ಚಿಪ್ಪು ತಯಾರಕರೇ ಸೋತಿದ್ದರು. ಬಿಸಿ ಇದೇ ದರದಲ್ಲಿ ಏರಿದರೆ ಚಿಪ್ಪುಗಳು ಅಣುಸ್ಥಾವರದಷ್ಟು, ಮುಂದೆ ಸೂರ್ಯನ ಮೇಲ್ಮೈಯಷ್ಟು ಸುಡುತ್ತವೆ ಎಂದು ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ಎಚ್ಚರಿಸಿದ್ದರು. 2004ರ ಪ್ರೆಸ್‌ಕಾಟ್ ಪೆಂಟಿಯಮ್ 4 ನೂರು ವ್ಯಾಟ್ ದಾಟಿತು. ಅದೇ ವರ್ಷ 4 ಗಿಗಾಹರ್ಟ್ಸ್ ಮಾದರಿಯನ್ನು ಕೈಬಿಟ್ಟ ಇಂಟೆಲ್‌ನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್, ಸಮ್ಮೇಳನವೊಂದರ ವೇದಿಕೆಯ ಮೇಲೆ ಅರ್ಧ ತಮಾಷೆಯಾಗಿ ಮಂಡಿಯೂರಿ ಕ್ಷಮೆ ಕೇಳಿದರು. 2006ರ ಕೋರ್ 2 ಡ್ಯುಯೊ 65 ವ್ಯಾಟಿಗೆ ಇಳಿಯಿತು. ತಮಾಷೆ ನೋಡಿ, ಅತ್ಯುತ್ತಮ ಗಾಳಿ ಕೂಲರುಗಳು ಕೈಗೆ ಬಂದದ್ದು ಅವುಗಳ ಅಗತ್ಯ ಕಡಿಮೆಯಾದಾಗ. ಮಿಕ್ಕ ಶಕ್ತಿಯನ್ನೆಲ್ಲ ಜನ ಮೌನಕ್ಕೆ ಖರ್ಚು ಮಾಡಿದರು.

ಆ ಬಿಡುವು ಮುಗಿದಿದೆ. 2022ರ ಕೋರ್ ಐ9 13900ಕೆ ಪೂರ್ತಿ ಓಡಿದರೆ 253 ವ್ಯಾಟ್. ಅದೇ ವರ್ಷದ ರೈಜನ್ 7000 ಸಾಲಿನ ದೊಡ್ಡ ಚಿಪ್ಪುಗಳು ಭಾರ ಬಿದ್ದಾಗ 95 ಡಿಗ್ರಿಗೆ ಹೋಗಿ ನಿಲ್ಲುವುದು ದೋಷವಲ್ಲ, ವಿನ್ಯಾಸವೇ ಹಾಗೆ ಎಂದು ಎಎಂಡಿ ಹೇಳಿತು. ಅಂದರೆ ಓವರ್‌ಕ್ಲಾಕಿಂಗನ್ನು ಈಗ ಕಂಪನಿಯೇ ಮಾಡಿ ಕೊಡುತ್ತದೆ. ಚಿಪ್ಪು ತಾನಾಗಿ ಬಿಸಿಯ ಗೆರೆಯವರೆಗೆ ಓಡುತ್ತದೆ. ಕೂಲರು ಒಳ್ಳೆಯದಾದಷ್ಟೂ ಗೆರೆ ಮುಟ್ಟುವ ಮುಂಚೆ ಹೆಚ್ಚು ವೇಗ. ಸೆಲೆರಾನ್ ಕಾಲದ ವ್ಯವಹಾರವೇ ಮತ್ತೆ ಬಂದಿದೆ.

ನಮ್ಮಲ್ಲಿ ಇನ್ನೊಂದು ಲೆಕ್ಕ ಸೇರಿಸಬೇಕು. ಗಾಳಿಯ ಕೂಲರಾಗಲಿ, ನೀರಿನದಾಗಲಿ, ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ವಿಮರ್ಶೆಗಳ ಪರೀಕ್ಷೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತದೆ. ದೆಹಲಿಯ ಮೇ ತಿಂಗಳಲ್ಲಿ, ಎಸಿ ಇಲ್ಲದ 38 ಡಿಗ್ರಿಯ ಕೋಣೆಯಲ್ಲಿ, ಅಲ್ಲಿ 70 ಎಂದು ಬರೆದದ್ದನ್ನು ಸುಮಾರು 85 ಎಂದು ಓದಿಕೊಳ್ಳಿ. ಬರವಣಿಗೆ, ಬ್ರೌಸಿಂಗ್, ಒಂದಿಷ್ಟು ಲೆಕ್ಕಪತ್ರದ 65 ವ್ಯಾಟ್ ಪ್ರೊಸೆಸರಿಗೆ ಆಗಲೂ ಪೆಟ್ಟಿಗೆಯ ಕೂಲರು ಸಾಕು. ಸದ್ದು ಸಹಿಸಲಾಗದಿದ್ದರೆ ನಾಲ್ಕು ಹೀಟ್ ಪೈಪಿನ, 120 ಮಿಲಿಮೀಟರ್ ಫ್ಯಾನಿನ ಸಾದಾ ಟವರ್ ಧಾರಾಳ. ಬಣ್ಣದ ದೀಪಕ್ಕೆ ಕೊಡುವ ದುಡ್ಡು ಒಂದು ಡಿಗ್ರಿಯನ್ನೂ ಇಳಿಸುವುದಿಲ್ಲ. ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಅಗಲ ಮಾತ್ರ ಅಳೆದುಕೊಳ್ಳಿ: ಇಂಥ ಟವರುಗಳು ಸಾಮಾನ್ಯವಾಗಿ 155ರಿಂದ 160 ಮಿಲಿಮೀಟರ್ ಎತ್ತರವಿರುತ್ತವೆ, ಸಪೂರ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ.