ಮೂರು ಗಾಲಿಯ ಸೈಕಲ್ಲಿನಿಂದ ಕಾರಿಗೆ

ಎತ್ತಿನ ಗಾಡಿಗೆ ತಿರುವು ಎಂದರೆ ಭಯವಿಲ್ಲ. ಅದರ ಗಾಲಿಗಳನ್ನು ಯಾರೂ ತಿರುಗಿಸುವುದಿಲ್ಲ; ಎತ್ತು ಎಳೆದತ್ತ ಎರಡೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಕರಾರು ಶುರುವಾದದ್ದು ಯಂತ್ರ ಬಂದು ಗಾಲಿಯನ್ನೇ ತಿರುಗಿಸಲು ಹೊರಟಾಗ. ಗಾಲಿಗಳ ನಡುವೆ 1.4 ಮೀಟರ್ ಅಂತರವಿರುವ ವಾಹನ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಅಷ್ಟೇ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೂ ಒಂದು ನೆಲ ಕೆರೆಯುತ್ತಾ ಜಾರಲೇಬೇಕು.

ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಉಗಿಬಂಡಿಗೆಂದು ಇದಕ್ಕೊಂದು ಉಪಾಯ ಹೂಡಿ ಪೇಟೆಂಟ್ ಪಡೆದಿದ್ದ. ಆದರೆ ರಸ್ತೆಯ ಮೇಲಿನ ಉಗಿಬಂಡಿಗಳ ಕಾಲ ಕುದುರಲಿಲ್ಲ.

ಕುದುರಿದ್ದು ಸೈಕಲ್ಲಿನ ಕಾಲ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಹೊಲಿಗೆ ಯಂತ್ರದ ಕೆಲಸದಿಂದ ಸೈಕಲ್ ತಯಾರಿಕೆಗೆ ಬಂದ ಜೇಮ್ಸ್ ಸ್ಟಾರ್ಲಿ, ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಗಾಡಿಯೊಂದನ್ನು ಮಾಡಿದ. ಎರಡು ಬದಿಯ ಗಾಲಿಗಳಿಗೂ ಬೇರೆ ಬೇರೆ ಪೆಡಲ್. ಒಮ್ಮೆ ಅಪ್ಪ ಮಗ ಇಬ್ಬರೂ ಹೊರಟಾಗ ಮಗ ವಿಲಿಯಂ ಜೋರಾಗಿ ತುಳಿದು ಗಾಡಿ ಪಕ್ಕಕ್ಕೆ ಹೊರಳಿತು, ಸ್ಟಾರ್ಲಿ ತುರಚೆ ಗಿಡಗಳ ಮೇಲೆ ಬಿದ್ದ ಎಂಬ ಕಥೆಯಿದೆ. ಕಥೆಗೆ ಉಪ್ಪುಖಾರ ಸೇರಿರಬಹುದು. ತುಳಿತದ ಬಲವನ್ನು ಎರಡೂ ಗಾಲಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಜೋಡಣೆ, ಅಂದರೆ ಡಿಫರೆನ್ಷಿಯಲ್, 1877ರಲ್ಲಿ ಅವನ ತ್ರಿಚಕ್ರ ಸೈಕಲ್ಲಿಗೆ ಬಂದದ್ದಂತೂ ನಿಜ. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅವನ ಎರಡು ಸೈಕಲ್ ತರಿಸಿಕೊಂಡಳು.

ಇವತ್ತಿನ ಲಾರಿಯ ಡಿಫರೆನ್ಷಿಯಲ್ ಬಿಚ್ಚಿದರೂ ಕಾಣುವುದು ಅದೇ ತತ್ವ. ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ತುದಿಯ ಗೇರು, ಅಂದರೆ ಪಿನಿಯನ್, ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನಿಗೆ ಬೋಲ್ಟ್ ಹಾಕಿದ ಗೂಡೂ ಜೊತೆಗೇ ಸುತ್ತುತ್ತದೆ. ಗೂಡಿನೊಳಗೆ ಅಡ್ಡ ಪಿನ್ನಿನ ಮೇಲೆ ಪುಟ್ಟ ಗೇರುಗಳು. ಅವುಗಳ ಹಲ್ಲು ಎಡಕ್ಕೊಂದು ಬಲಕ್ಕೊಂದು ಇರುವ ಗೇರುಗಳಿಗೆ ಕಚ್ಚಿಕೊಂಡಿರುತ್ತದೆ; ಅಲ್ಲಿಂದ ಒಂದೊಂದು ಆಕ್ಸಲ್ ಗಾಲಿಗೆ ಹೋಗುತ್ತದೆ. ನೇರ ದಾರಿಯಲ್ಲಿ ಪುಟ್ಟ ಗೇರುಗಳಿಗೆ ತಮ್ಮ ಪಿನ್ನಿನ ಮೇಲೆ ತಿರುಗುವ ಕೆಲಸವೇ ಇಲ್ಲ, ಗೂಡು ಹೊತ್ತೊಯ್ದಂತೆ ಹೋಗುತ್ತವೆ. ತಿರುವಿನಲ್ಲಿ ಒಳಗಾಲಿ ನಿಧಾನಿಸಿದ ಕೂಡಲೇ ಅವು ಉರುಳತೊಡಗಿ, ಅಲ್ಲಿ ಕಡಿಮೆಯಾದ ಸುತ್ತನ್ನು ಹೊರಗಾಲಿಗೆ ಸೇರಿಸುತ್ತವೆ. ಗೂಡು 100 ಸುತ್ತು ಹಾಕುವಷ್ಟರಲ್ಲಿ ಒಳಗಿನದು 90 ಆದರೆ ಹೊರಗಿನದು 110. ಎರಡೂ ಸೇರಿ ಯಾವಾಗಲೂ 200.

ಕೆಸರಿನಲ್ಲಿ ಇದೇ ಲೆಕ್ಕ ಕೈಕೊಡುತ್ತದೆ. ಗೇರುಗಳು ಎರಡೂ ಗಾಲಿಗೆ ಹೆಚ್ಚುಕಡಿಮೆ ಸಮನಾದ ಬಲವನ್ನೇ ಹಂಚುವುದರಿಂದ, ಹಿಡಿತವಿಲ್ಲದ ಗಾಲಿಗೆ ಸಾಕಾಗುವಷ್ಟೇ ಬಲ ಗಟ್ಟಿನೆಲದ ಮೇಲಿನದಕ್ಕೂ ಸಿಗುತ್ತದೆ. ಒಂದು 200 ಸುತ್ತು ಗಿರಗಿರನೆ ತಿರುಗಿದರೆ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಎರಡೂ ಆಕ್ಸಲ್ಲುಗಳನ್ನು ಒಂದಾಗಿ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಇರುವುದು ಇಂಥ ಹೊತ್ತಿಗೇ.

1885ರಲ್ಲಿ ಮ್ಯಾನ್‌ಹೈಮ್‌ನ ಕಾರ್ಲ್ ಬೆಂಜ್ ತನ್ನ ಮೊದಲ ಮೋಟಾರುಗಾಡಿ ಕಟ್ಟಿದಾಗ ಅದೂ ಮೂರು ಗಾಲಿಯದೇ, ನಮ್ಮ ಆಟೊದಂತೆ ಮುಂದೊಂದು, ಹಿಂದೆರಡು. ಕಡ್ಡಿಗಾಲಿ, ಸರಪಣಿ, ಡಿಫರೆನ್ಷಿಯಲ್ ಮೂರೂ ಸೈಕಲ್ ಲೋಕಕ್ಕೆ ಆಗಲೇ ಪರಿಚಿತ. ಹೊಸದೆಂದರೆ ಎಂಜಿನ್.

ಆಮೇಲೆ ಗಮನಾರ್ಹ ಬದಲಾವಣೆ ಆದದ್ದು ಕ್ರೌನ್ ಪಿನಿಯನ್ನಿನಲ್ಲಿ. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರು ಪಿನಿಯನ್ನನ್ನು ಕ್ರೌನಿನ ನಡುಮಟ್ಟದಿಂದ ಕೆಳಗಿಳಿಸಿತು. ಶಾಫ್ಟ್ ತಗ್ಗಿತು, ಕಾರಿನ ಮೈಯನ್ನೂ ತಗ್ಗಿಸಬಹುದಾಯಿತು. ಬದಲಿಗೆ ಹಲ್ಲುಗಳು ಒಂದರ ಮೇಲೊಂದು ವಿಪರೀತ ಜಾರತೊಡಗಿದವು. ಆ ತಿಕ್ಕಾಟ ತಡೆಯಲು ಗಂಧಕದ ಅಂಶ ಬೆರೆಸಿದ ಗೇರ್ ಆಯಿಲ್ ಬೇಕಾಯಿತು. ಡಿಫರೆನ್ಷಿಯಲ್ ಬಿಚ್ಚಿದ ಗ್ಯಾರೇಜಿನಲ್ಲಿ ಮೂಗಿಗೆ ಅಡರುವ ಘಾಟು ಅದರದೇ.