‘ವೇಶ್ಯೆ’ ಪದ ‘ವೇಷ’ದಿಂದ ಬಂತೇ? ‘ಸೂಳೆ’ ಎಂದರೆ ಮೊದಲಿಂದಲೂ ಬೈಗುಳವೇ?

‘ವೇಷ ಹಾಕಿಕೊಂಡು ಗಂಡಸರನ್ನು ಸೆಳೆಯುವವಳೇ ವೇಶ್ಯೆ’ ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಕೇಳಲು ಸರಿ ಎನಿಸುತ್ತದೆ. ಆದರೆ ಅದು ತಪ್ಪು.

ಸದ್ದು ನಂಬಿ ಅರ್ಥ ಹೇಳುವುದು ಹೊಸದಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಹಲವರು ‘ಸಾವಿನ ದುರ್ಗ’ ಎನ್ನುತ್ತಾರೆ. ಆದರೆ ಹೊಯ್ಸಳ ಮೂರನೇ ಬಲ್ಲಾಳನ ಕಾಲದ, 1340ರ ಮಾಡಬಾಳ್ ಶಾಸನದಲ್ಲಿ ಅದರ ಹೆಸರು ‘ಸಾವಂದಿ’. ‘ವೇಶ್ಯೆ’ಯ ಕಥೆಯೂ ಹೀಗೆಯೇ.

ವೇಶ್ಯೆ ಪದದ ಮೂಲ ಯಾವುದು?

ಇಲ್ಲಿರುವುದು ‘ಷ’ ಅಲ್ಲ, ‘ಶ’. ಸಂಸ್ಕೃತದಲ್ಲಿ ‘ವಿಶ್’ ಎಂದರೆ ಒಳಹೋಗು. ‘ಪ್ರವೇಶ’, ‘ನಿವೇಶನ’ ಪದಗಳೂ ಇದರಿಂದಲೇ ಬಂದಿವೆ. ‘ವೇಶ’ ಎಂದರೆ ಮನೆ. ಗಣಿಕೆಯರ ಕೇರಿಗೂ ಇದೇ ಹೆಸರು. ಅಲ್ಲಿ ಇರುವವಳು ವೇಶ್ಯೆ. ಬಟ್ಟೆಬರೆಗೆ ಸಂಬಂಧವಿಲ್ಲ.

ಇಂಗ್ಲಿಷಿನ ‘ಪ್ರಾಸ್ಟಿಟ್ಯೂಟ್’ ಲ್ಯಾಟಿನ್ನಿನಿಂದ ಬಂದದ್ದು. ‘ಪ್ರೊ’ ಎಂದರೆ ಮುಂದೆ, ‘ಸ್ಟಾಟುಯೆರೆ’ ಎಂದರೆ ನಿಲ್ಲಿಸು. ಎಲ್ಲರೆದುರು ಮಾರಾಟಕ್ಕೆ ನಿಲ್ಲಿಸುವುದು ಎಂಬುದು ಅದರ ಮೂಲಾರ್ಥ. ಗಮನಿಸಿ: ನಿಂತವಳಲ್ಲ, ನಿಲ್ಲಿಸಲ್ಪಟ್ಟವಳು!

ಹಾಗಾದರೆ ‘ಸೂಳೆ’?

ಈ ಪದದ ಮೂಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹಳಗನ್ನಡದಲ್ಲಿ ಸರದಿ ಎಂಬ ಅರ್ಥವಿರುವ ‘ಸೂಳ್’ನಿಂದ ಬಂತು ಎಂಬುದು ಒಂದು, ಸಂಸ್ಕೃತದ ‘ಶೂಲಾ’ ಪದದ ತದ್ಭವ ಎಂಬುದು ಇನ್ನೊಂದು.

ಆದರೆ ಬಳಕೆಯ ಬಗ್ಗೆ ಅನುಮಾನವಿಲ್ಲ. ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ದೇವಾಲಯದ ಸೇವಕರ ಪಟ್ಟಿಯಲ್ಲಿ ಸೂಳೆಯರೂ ಬರುತ್ತಾರೆ. 12ನೇ ಶತಮಾನದ ವಚನಕಾರ್ತಿಯೊಬ್ಬಳು ಸೂಳೆ ಸಂಕವ್ವ ಎಂದೇ ಪ್ರಸಿದ್ಧಳು; ಅವಳ ಅಂಕಿತ ‘ನಿರ್ಲಜ್ಜೇಶ್ವರ’. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಜನ ಇಂದಿಗೂ ಸೂಳೆಕೆರೆ ಎನ್ನುತ್ತಾರೆ. ಮದ್ದೂರು ತಾಲ್ಲೂಕಿನಲ್ಲೂ ಒಂದು ಸೂಳೆಕೆರೆ ಇದೆ.

ಹಾಗೆಂದು ಅವರ ಬದುಕು ಸುಖವಾಗಿತ್ತು ಎಂದಲ್ಲ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಮುಂದೆ ಶೋಷಣೆಯ ದಾರಿಯಾಯಿತು. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು.

ಈಗ ಏನೆನ್ನಬೇಕು?

‘ಲೈಂಗಿಕ ಕಾರ್ಯಕರ್ತೆ’ ಎಂಬ ಪದ ಇಂದು ಬಳಕೆಯಲ್ಲಿದೆ. ಬಲವಂತವಾಗಿ ತಳ್ಳಲ್ಪಟ್ಟವರನ್ನು ‘ಮಾನವ ಸಾಗಣೆಯ ಸಂತ್ರಸ್ತೆ’ ಎನ್ನಬೇಕು. ಇವರಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಮೇ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ವೇಷ ನೋಡಿ ಹೆಣ್ಣನ್ನು ಅಳೆಯುವ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಆ ಪದಕ್ಕೂ ವೇಷಕ್ಕೂ ನಂಟಿಲ್ಲ ಎಂದು ಕಳಿಸಿದವರಿಗೆ ತಿಳಿಸಿ.